ಬಿಸಿಲಿನ ರೊಟ್ಟಿ

ಲೋಕದಲ್ಲಿ ಬೆಂಕಿ ಹೊತ್ತುವುದು ನಿಂತು ತಿಂಗಳಾಗಿತ್ತು. ಗದಗಿನ ಒಂದು ಓಣಿಯ ಜನ ನೆನೆಸಿದ ಕಾಳು, ಹಸಿ ಸೊಪ್ಪು ತಿನ್ನುವುದನ್ನು ರೂಢಿ ಮಾಡಿಕೊಂಡಿದ್ದರು. ಶಿವಗಂಗವ್ವನ ಅತ್ತೆ ನೀಲವ್ವ ಮಾತ್ರ, ಕೂಡಿಟ್ಟ ಒಣ ಕಟಕ ರೊಟ್ಟಿ ಮುಗಿದ ದಿನವೇ "ರೊಟ್ಟಿ ಇಲ್ಲದ ತಾಟಿಗೆ ಕೈ ಹಚ್ಚಂಗಿಲ್ಲ" ಎಂದು ಮಲಗಿಬಿಟ್ಟಳು. ಮೂರು ದಿನ ಬರೀ ನೀರು ಕುಡಿದಳು.

ನಾಲ್ಕನೆಯ ದಿನ ಶಿವಗಂಗವ್ವ ಮೊಳಕೆ ಬಂದ ಸಜ್ಜೆಯನ್ನು ರುಬ್ಬಿ, ಎಳ್ಳು ಹಚ್ಚಿ ತೆಳ್ಳಗೆ ಬಡಿದಳು. ಮಾಳಿಗೆಯ ಬಿಸಿಲಿಗೆ ಒಣಗಿಸಿ ತಂದು ಅತ್ತೆಯ ಮುಂದಿಟ್ಟಳು. ಮುದುಕಿ ಎದ್ದು ಕುಳಿತು, ಚೂರು ಮುರಿದು ನಿಧಾನವಾಗಿ ಅಗಿದಳು.

"ಹಸೀನ ಐತಲ್ಲ."

"ಹೌದ್ರಿ ಅತ್ತಿ," ಎಂದು ಸೊಸೆ ತಾಟು ಎತ್ತಲು ಹೋದಳು.

ನೀಲವ್ವ ಅವಳ ಕೈ ಹಿಡಿದಳು. "ಒಲಿ ಉರಿಯುವಾಗರ ನೀ ಯಾವತ್ತು ಛಲೋ ಬೇಸಿದ್ದಿ? ಇನ್ನೊಂದ ಹಾಕು."