ಕದ್ದ ಕಡ್ಡಿ

ಆ ಹೊಸ ಗ್ರಹದ ವಠಾರದಲ್ಲಿ ಅಂಬುಜಕ್ಕ ಜಗುಲಿಯ ಮೇಲಿಟ್ಟಿದ್ದ ಗಿಡ ಬಿಸಿಲಿನ ಕಡೆಗಲ್ಲ, ಪಕ್ಕದ ಮನೆಯ ಅಧಿಕಾರಿಯ ಬಾಯಿಯ ಕಡೆಗೆ ವಾಲುತ್ತಿತ್ತು. ಅವನು ಮುಖಕ್ಕೆ ಮಾಸ್ಕ್ ಬಿಗಿದು ಗಿಡಕ್ಕೆ ಬೆಂಕಿ ಹಚ್ಚಿದ.

"ಮಲಗಿದವರ ಉಸಿರು ಹೀರುತ್ತೆ ಅಕ್ಕಾ. ಮುಚ್ಚಿದ ಕೋಣೆಯಲ್ಲಿ ಇದರ ಒಂದೆಲೆ ಇದ್ದರೂ ಸಾಕು. ನೆಡೋಕೆ ಅಂತ ಯಾರಿಗಾದರೂ ಇದರ ಕಡ್ಡಿ ಕೊಟ್ಟಿದ್ದೀರಾ?"

"ದೇವರಾಣೆಗೂ ಕೊಟ್ಟಿಲ್ಲ."

ಅವನು ಮಾಸ್ಕ್ ಕಳಚಿ ಬೆವರು ಒರೆಸಿಕೊಂಡ. "ಸದ್ಯ, ಬಚಾವಾದ್ವಿ."

ಅಂಬುಜಕ್ಕ ಅವನ ಮನೆಯ ಕಡೆ ನೋಡಿದಳು.

"ಕದ್ದ ಕಡ್ಡಿ ಚೆನ್ನಾಗಿ ಚಿಗುರುತ್ತೆ ಅಂತಾರಲ್ಲ. ಬೆಳಿಗ್ಗೆ ನಿಮ್ಮ ಮನೆಯವರು ಒಂದು ಮುರಿದುಕೊಂಡಾಗ ನಾನು ನೋಡಿಯೂ ನೋಡದ ಹಾಗಿದ್ದೆ. ಮಗೂನ ಮಲಗಿಸ್ತೀನಿ ಅಂತ ಒಳಗೆ ಹೋದವರು ಇನ್ನೂ ಬಾಗಿಲು ತೆಗೆದಿಲ್ಲ."