ಹಲ್ಲು ನೋಡಿದವನು

ಪಕ್ಕದಲ್ಲಿ ಯಾರಾದರೂ ಜರ್ದಾ ಹಾಕಿಕೊಂಡರೆ ಈಗಲೂ ನನ್ನ ಹಲ್ಲುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ.

ನಿಜಾಮನ ರಾಜ್ಯ ಹೋಗಿ ಹೊಸ ಸರ್ಕಾರ ಬಂದಿತ್ತು. ಮಿತಿಗಿಂತ ಹೆಚ್ಚಿನ ಹೊಲ ಸರ್ಕಾರದ ಪಾಲಾಗುತ್ತದೆ, ಮಕ್ಕಳ ಹೆಸರಿಗಿದ್ದರೆ ಉಳಿಯುತ್ತದೆ ಎಂಬ ಸುದ್ದಿ ಶಹಾಪುರದ ಸುತ್ತ ಹಬ್ಬಿತ್ತು. ಅವ್ವನಿಗೆ ತಾಳಿ ಕಟ್ಟದ, ಹಗಲು ಹೊತ್ತು ಎಂದೂ ಬರದ ಗೌಡ ಆ ಮಧ್ಯಾಹ್ನ ಊರಿನ ಹೊಲದ ಲೆಕ್ಕ ಬರೆಯುವ ಪಟವಾರಿಯನ್ನು ಕರೆದುಕೊಂಡು ತಾನಾಗಿ ನಮ್ಮ ಗುಡಿಸಲಿಗೆ ಬಂದ. ಅಂಗಳದಲ್ಲಿ ಹಾಸಿದ ಕಂಬಳಿಯ ಮೇಲೆ ಕೂತು ನನ್ನತ್ತ ಬೊಟ್ಟು ಮಾಡಿದ.

“ಇದು ನಂದೇ ಕೂಸದ. ಅಪ್ಪ ನಾನೇ ಅಂತ ಬರಕೊಳ್ರಿ.”

“ವಯಸ್ಸೆಷ್ಟ್ರಿ?” ಎಂದ ಪಟವಾರಿ.

ಗೌಡನಿಗೆ ಗೊತ್ತಿರಲಿಲ್ಲ. ಅವ್ವನನ್ನು ಕೇಳಲೂ ಇಲ್ಲ. ನನ್ನನ್ನು ಹತ್ತಿರಕ್ಕೆ ಎಳೆದು, ಸಂತೆಯಲ್ಲಿ ಕುರಿಯ ಹಲ್ಲು ನೋಡುವ ಹಾಗೆ, ಜರ್ದಾ ಮೆತ್ತಿದ ಬೆರಳುಗಳಿಂದ ನನ್ನ ತುಟಿ ಅಗಲಿಸಿದ. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಆ ಖಾಲಿ ವಸಡನ್ನೂ ಒತ್ತಿ ನೋಡಿದ.

“ಏಳು ಅಂತ ಬರೀರಿ,” ಎಂದ. ಆಮೇಲೆ ತನ್ನ ಒದ್ದೆ ಬೆರಳು ನೋಡಿ ಮುಖ ಸಿಂಡರಿಸಿದ. “ಥೂ, ಎಂಜಲಾತು. ಏ, ನೀರು ತಾ.”

ಅವ್ವ ತಂಬಿಗೆಯಲ್ಲಿ ನೀರು ತಂದಳು. ಗೌಡ ಕೈ ಚಾಚಿಯೇ ಇದ್ದ. ಅವಳು ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು.

“ಮೊದಲ ನೀ ಬಾಯಿ ತೊಳಕೋ, ಮಗಳ.”