ಅಜ್ಜಿಯ ಕಥೆಗೊಂದು ‘ಹೂಂ’

ದೊಡ್ಡ ಟೈಲ್ಸ್ ಅಂಗಡಿಯ ಮಾಲೀಕ ಆತ. ಯಾರ ಮಾತನ್ನೂ ಪೂರ್ತಿ ಕೇಳಿದ ಪುಣ್ಯಾತ್ಮನಲ್ಲ. ಹೆಂಡತಿ ಬಾಯಿ ತೆರೆದರೂ ಅಷ್ಟೇ... “ಬೇಗ ಪಾಯಿಂಟ್‌ಗೆ ಬಾ!”

ಕಾರು ಸರ್ವಿಸ್‌ಗೆ ಹೋಗಿದ್ದ ದಿನ ಬಸ್ ಹತ್ತಿದ. ಹೈವೇಯಲ್ಲಿ ಬಸ್ ಪಲ್ಟಿಯಾಯಿತು...

ಕಣ್ಣು ಬಿಟ್ಟಾಗ ಟ್ರಾಮಾ ಸೆಂಟರ್‌ನಲ್ಲಿದ್ದ. ತಲೆಗೆ ಬ್ಯಾಂಡೇಜ್. ಸುತ್ತಲಿನ ಓಡಾಟ, ನರಳಾಟವೆಲ್ಲ ಎಲ್ಲೋ ಮಂಜಿನಾಚೆ ನಡೆದಂತಿತ್ತು. ಹಾಯಾಗಿ ನಿದ್ದೆ ಎಳೆಯುತ್ತಿತ್ತು...

ಪಕ್ಕದ ಬೆಡ್‌ನಲ್ಲಿ ಅದೇ ಬಸ್ಸಿನ ಸಣ್ಣೀರಮ್ಮಜ್ಜಿ. ಇನ್ನೊಬ್ಬ ಗಾಯಾಳುವಿನ ರಕ್ತ ಸುರಿಯುವ ಗಾಯ ಒತ್ತಿ ಹಿಡಿದಿದ್ದ ಸಿಸ್ಟರ್ ಶಾಹಿದಾ ಅಲ್ಲಿಂದಲೇ ಕೂಗಿದರು:

“ಅಜ್ಜೀ, ಅವರ ತಲೆಗೆ ಪೆಟ್ಟಾಗಿದೆ. ಮಾತಾಡಿಸ್ತಾ ಇರಿ. ಉತ್ತರ ನಿಂತ್ರೆ ತಕ್ಷಣ ನನ್ನ ಕರೀರಿ!”

ಅಜ್ಜಿಗೆ ಮಾತಾಡಿಸುವುದೆಂದರೆ ಕಥೆ ಹೇಳುವುದೇ...

“ಕೇಳಪ್ಪಾ. ಕುರಿ ಕಾಯೋನೊಬ್ಬ, ಕಳೆದೋದ ಮರಿ ಹುಡುಕ್ಕೊಂಡು ಸಂತೆಗೆ ಬಂದ. ಅಲ್ಲೊಬ್ಳು ಬುಟ್ಟೀಲಿ ನಿದ್ದೆ ಮಾರ್ತಿದ್ಲು. ಹೂಂ ಅನ್ನು! ಇಲ್ಲಾಂದ್ರೆ ಕಥೆ ನಿಲ್ಲಿಸ್ತೀನಿ.”

“ಹೂಂ...”

ಅವನಿಗೆ ಸಂತೆ ಕಾಣಿಸಿತು. ಬುಟ್ಟಿಯ ತುಂಬ ಅರಳೆಯಂಥ ಬಿಳೀ ನಿದ್ದೆ... ದೂರದಲ್ಲಿ ಮರಿಯ ಕೂಗು...

“ಹೂಂ...”

ಬುಟ್ಟಿಯವಳು ನಕ್ಕು ಕರೆದಳು. ಅವನು ಕೈ ಚಾಚಿದ...

“ಸಿಸ್ಟರಮ್ಮಾ! ಹೂಂ ಅನ್ತಿಲ್ಲ ಕಣವ್ವಾ, ಓಡಿ ಬಾ!”

ಮತ್ತೆ ಎಚ್ಚರವಾದಾಗ ಆಪರೇಷನ್ ಮುಗಿದಿತ್ತು. ಮಿದುಳಿನ ಪಕ್ಕದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಸ್ವಲ್ಪ ತಡವಾಗಿದ್ದರೂ ಕೈಮೀರುತ್ತಿತ್ತು ಎಂದರು ಡಾಕ್ಟರ್.

ಮಾತಾಡುವ ಶಕ್ತಿ ಬಂದ ದಿನ ಅವನು ಕೇಳಿದ್ದು ಒಂದೇ... “ಆ ಅಜ್ಜಿ ಎಲ್ಲಿ? ಕಥೆ ಅರ್ಧಕ್ಕೇ ನಿಂತಿದೆ.”

ಸಿಸ್ಟರ್ ತಲೆ ತಗ್ಗಿಸಿದರು.

“ನಿಮ್ಮನ್ನ ಒಳಗೆ ಕರ್ಕೊಂಡು ಹೋದ್ಮೇಲೆ ಅಜ್ಜಿ ಕುಸಿದ್ರು ಸಾರ್. ಹೊಟ್ಟೆಯೊಳಗೆ ರಕ್ತಸ್ರಾವ ಶುರುವಾಗಿತ್ತು. ಆ ನೋವಲ್ಲೇ ನಿಮಗೆ ಕಥೆ ಹೇಳಿದ್ದು... ಆಪರೇಷನ್ ಆಗಿದೆ. ಆದ್ರೆ ಯಾರು ಕರೆದರೂ ಕಣ್ಣು ಬಿಡ್ತಿಲ್ಲ.”

ಅವನಿಗೆ ದುಃಖ ಉಕ್ಕಿ ಬಂತು. ಹಟ ಹಿಡಿದು ವೀಲ್‌ಚೇರ್‌ನಲ್ಲಿ ಐಸಿಯುಗೆ ಹೋದ. ಅಜ್ಜಿಯ ತಣ್ಣನೆಯ ಕೈ ಹಿಡಿದ. ಜೀವನದಲ್ಲಿ ಮೊದಲ ಸಲ ಅವನಿಗೆ ಯಾವ ಅವಸರವೂ ಇರಲಿಲ್ಲ...

“ಅಜ್ಜೀ, ಆ ಕುರಿ ಕಾಯೋನು ನಿದ್ದೆ ಕೊಳ್ಳಲಿಲ್ಲ. ಬುಟ್ಟಿ ದಾಟಿ, ಸಂತೆ ದಾಟಿ ಮನೆ ಕಡೆ ಹೊರಟ... ಹೂಂ ಅನ್ನಬೇಕು. ಇಲ್ಲಾಂದ್ರೆ ಕಥೆ ನಿಲ್ಲಿಸ್ತೀನಿ.”



ಅವನು ಮತ್ತೆ ಹೇಳಿದ. ದಾರಿಯ ಮರದ ಕಥೆ ಹೇಳಿದ, ಬೆಳದಿಂಗಳ ಕಥೆ ಹೇಳಿದ. ಬಿಡದೆ ಹೇಳಿದ...

ಆಕ್ಸಿಜನ್ ಮಾಸ್ಕ್‌ನೊಳಗೆ ತುಟಿ ಅಲುಗಿತು.

“ಹೂಂ...”

ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದರು. ಅಜ್ಜಿ ಮೆಲ್ಲಗೆ ಕಣ್ಣು ತೆರೆದು, ಅಳುತ್ತಿದ್ದ ಅವನನ್ನೇ ನೋಡಿದರು:

“ಮರಿ ಬಿಟ್ಟು ಬಂದ್ಯಲ್ಲೋ ದಡ್ಡಾ... ವಾಪಸ್ ಹೋಗು, ಎತ್ಕೊಂಡು ಬಾ.”

*ಕೇಳುವ ಕಿವಿಯೊಂದಿದ್ದರೆ, ಹೊರಟ ಜೀವಕ್ಕೂ ಹಿಂದಿರುಗುವ ದಾರಿ ಕಾಣುತ್ತದೆ.*

ನಿಮ್ಮ ಮನೆಯಲ್ಲಿ ಯಾರ ಮಾತು ಅರ್ಧಕ್ಕೇ ನಿಂತಿದೆ...? ಇವತ್ತು ಫೋನ್ ಪಕ್ಕಕ್ಕಿಟ್ಟು ಅವರಿಗೊಂದು ‘ಹೂಂ’ ಅನ್ನುತ್ತೀರಾ?